ವಿಮಾನದ ಎತ್ತರವೂ ಇಂಧನದ ಮಿತವ್ಯಯವೂ

ಪ್ರಯಾಣಿಕರ ವಿಮಾನವು ಯಾವ ಎತ್ತರದಲ್ಲಿ ಹಾರಿದರೆ ಇಂಧನದ ವೆಚ್ಚವು ಅತ್ಯಲ್ಪವಾಗುವುದೆಂಬ ಪ್ರಶ್ನೆಯು ಮೇಲುನೋಟಕ್ಕೆ ಬರಿಯ ಗಣಿತದ ವಿಷಯವೆಂದು ತೋರಬಹುದು. ಆದರೆ ಆ ಗಣಿತಕ್ಕೂ ಒಂದು ಚರಿತ್ರೆಯುಂಟು. ಅದರಲ್ಲಿ ಮನುಷ್ಯರ ಪ್ರಾಣವ್ಯಯವೂ ಸೇರಿದೆ.

ಮೇಲೇರಿದಂತೆಲ್ಲ ಗಾಳಿಯು ವಿರಳವಾಗಿ, ವೇಗದಿಂದ ಸಾಗುವ ವಿಮಾನಕ್ಕೆ ಅದರ ತಡೆಯು ಕಡಮೆಯಾಗುತ್ತದೆ. ಆದರೆ ರೆಕ್ಕೆಗಳಿಗೆ ಆಧಾರವಾದುದೂ ಆ ಗಾಳಿಯೇ. ಅದು ಮಿತಿಮೀರಿ ವಿರಳವಾದರೆ ತನ್ನ ಭಾರವನ್ನು ಹೊರುವುದಕ್ಕಾಗಿ ವಿಮಾನವು ಮೂತಿಯನ್ನು ಹೆಚ್ಚಾಗಿ ಎತ್ತಬೇಕಾಗುವುದು. ಆಗ ತಡೆಯು ಮರಳಿ ಬೆಳೆಯುವುದು. ಈ ಎರಡರ ನಡುವೆ ಇರುವುದೇ ಮಿತವ್ಯಯದ ಎತ್ತರ.

ಮೊದಮೊದಲು ಎತ್ತರದ ಮೇರೆಯನ್ನು ಕಟ್ಟಿದುದು ಇಂಧನವಲ್ಲ, ಪ್ರಯಾಣಿಕರ ಉಸಿರು. ಸುಮಾರು 10,000 ಅಡಿಗಳ ಮೇಲೆ ಬಹುಕಾಲ ಸಾಗುವುದು ಅವರಿಗೆ ಕಷ್ಟವಾಗಿದ್ದಿತು. 1940ರಲ್ಲಿ ಸೇವೆಗೆ ಬಂದ ಬೋಯಿಂಗ್ 307 ವಿಮಾನವು ಗಾಳಿಯನ್ನು ಒತ್ತಿ ತುಂಬಿದ ಕೋಣೆಯಿಂದ ಈ ಮೇರೆಯನ್ನು ದಾಟಿತು. 1952ನೆಯ ಮೇ 2ರಂದು ಬ್ರಿಟನ್ನಿನ ಕಾಮೆಟ್ ಎಂಬ ಜೆಟ್ ವಿಮಾನವು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಪ್ರಯಾಣಿಕರನ್ನು ಕೊಂಡೊಯ್ದಿತು. ಜೆಟ್ ಎಂಜಿನು ಕೆಳಗಿನ ದಟ್ಟವಾದ ಗಾಳಿಯಲ್ಲಿ ಇಂಧನವನ್ನು ಅತಿಯಾಗಿ ನುಂಗುತ್ತದೆ. ಆದುದರಿಂದ ಕಾಮೆಟ್ಟಿಗೆ 35,000 ಅಡಿಗಳಾಚೆಯ ಎತ್ತರವು ವೈಭವವಲ್ಲ, ಅನಿವಾರ್ಯತೆ. ಅಲ್ಲಿ ಒಳಗಿನ ಗಾಳಿಯು ಗೋಡೆಗಳ ಪ್ರತಿ ಚದರ ಅಂಗುಲವನ್ನೂ ಎಂಟು ಪೌಂಡುಗಳಿಗೂ ಮಿಗಿಲಾಗಿ ಹೊರಕ್ಕೆ ಒತ್ತುತ್ತಿದ್ದಿತು.

1954ನೆಯ ಜನವರಿ 10ರಂದು ಎಲ್ಬಾ ದ್ವೀಪದ ಬಳಿಯೂ ಏಪ್ರಿಲ್ 8ರಂದು ನೇಪಲ್ಸಿನ ಬಳಿಯೂ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಒಟ್ಟು 56 ಮಂದಿ ಮಡಿದರು. ಫಾರ್ನ್‌ಬರೋದ ಶೋಧಕರು ಇನ್ನೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ ಮತ್ತೆ ಮತ್ತೆ ಒತ್ತಡಕ್ಕೆ ಗುರಿಮಾಡಿದಾಗ ಅದು ಸೀಳಿತು. ಪ್ರತಿಸಾರಿಯೂ ಉಬ್ಬಿ ಇಳಿದು ಲೋಹವು ದಣಿದಿದ್ದಿತೆಂಬುದು ಇಂತು ಸ್ಥಿರಪಟ್ಟಿತು. ಎತ್ತರದಿಂದ ಉಳಿಸಿದ ಇಂಧನದ ಬೆಲೆಯನ್ನು ವಿಮಾನದ ಒಡಲು ತೆರುತ್ತಿದ್ದಿತು. ಅದರ ಲೆಕ್ಕವನ್ನು ಯಾರೂ ಸರಿಯಾಗಿ ಇಟ್ಟಿರಲಿಲ್ಲ.

ಈ ಪಾಠವನ್ನು ಕಲಿತು ಕಟ್ಟಿದ ವಿಮಾನಗಳಿಗೂ ಮಿತವ್ಯಯದ ಎತ್ತರವು ಒಂದೇ ಆಗಿ ನಿಲ್ಲುವುದಿಲ್ಲ. ಇಂಧನವು ಉರಿದು ಭಾರವು ಇಳಿದಂತೆ ಅದು ಮೇಲೇರುತ್ತದೆ. ಆದುದರಿಂದ ದೂರಪ್ರಯಾಣದಲ್ಲಿ ವಿಮಾನವು ಮೆಟ್ಟಿಲುಮೆಟ್ಟಿಲಾಗಿ ಏರುವುದು ವಾಡಿಕೆ. ಎದುರುಗಾಳಿಯು ಪ್ರಬಲವಾಗಿದ್ದರೆ ಕೆಳಗಿನ ದಾರಿಯೇ ಲಾಭಕರವಾಗಬಹುದು. ಇತರ ವಿಮಾನಗಳಿಗೂ ಎಡೆಯಿರಬೇಕು: 29,000 ಅಡಿಗಳ ಮೇಲೆ 2,000 ಅಡಿಗಳಿದ್ದ ಅಂತರವನ್ನು 1997ರಿಂದ ಉತ್ತರ ಅಟ್ಲಾಂಟಿಕಿನ ಮೇಲೆ 1,000 ಅಡಿಗಳಿಗೆ ಇಳಿಸತೊಡಗಿದುದರಿಂದ, ತಕ್ಕ ಎತ್ತರವನ್ನು ಪಡೆಯುವುದು ಸುಲಭವಾಯಿತು.

ಹೀಗೆ ಅತ್ಯುತ್ತಮವಾದ ಎತ್ತರವೆಂಬುದು ಸ್ಥಿರವಾದ ಒಂದು ಅಂಕಿಯಲ್ಲ. ಗಾಳಿ, ಭಾರ, ಎಂಜಿನು, ಲೋಹಗಳ ನಡುವಣ ಒಡಂಬಡಿಕೆ. ಇವುಗಳಲ್ಲಿ ಒಂದನ್ನು ಮರೆತುದರ ಫಲವನ್ನು 1954ನೆಯ ವರ್ಷವು ತೋರಿಸಿಕೊಟ್ಟಿತು.