ಮಳೆಗಾಲ, ಬೂಷ್ಟು ಮತ್ತು ಅಜ್ಜನ ಕ್ಯಾಮೆರಾ: ನಂಬಿಕೆ ಎಷ್ಟು, ನಿಜ ಎಷ್ಟು?

ಶಿರಾಲಿ, ಭಟ್ಕಳ, ಹೊನ್ನಾವರದ ಕಡೆ ಹಳೆಯ ಮನೆಯ ಟ್ರಂಕು ತೆಗೆದರೆ ಒಮ್ಮೊಮ್ಮೆ ಒಂದು ಫಿಲ್ಮ್ ಕ್ಯಾಮೆರಾ ಸಿಗುತ್ತದೆ. ಅಗ್ಫಾ ಕ್ಲಿಕ್ 3 ಇರಬಹುದು, ಯಾಶಿಕಾ ಅಥವಾ ಪೆಂಟಾಕ್ಸ್ ಇರಬಹುದು. ಇವುಗಳಲ್ಲಿ ಹಲವು ಬ್ಯಾಟರಿ ಇಲ್ಲದೆಯೂ ಕೆಲಸ ಮಾಡುತ್ತವೆ. ಕ್ಲಿಕ್ 3ರಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಯೋಚಿಸಿ ತೆಗೆಯುವುದು, ಫಿಲ್ಮ್ ತೊಳೆದು ಬರುವವರೆಗೆ ಕಾಯುವುದು, ಇದೇ ಆ ಕ್ಯಾಮೆರಾದ ಸುಖ. ಆದರೆ ಲೆನ್ಸನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣಬಹುದು. ಅದು ಬೂಷ್ಟು, ಅಂದರೆ ಶಿಲೀಂಧ್ರ.

ಗಾಜಿನ ಮೇಲೆ ಬೂಷ್ಟು ಹೇಗೆ?

ಶಿಲೀಂಧ್ರ ಗಾಜನ್ನು ತಿನ್ನುವುದಿಲ್ಲ. ಧೂಳು, ಬಟ್ಟೆಯ ನಾರು, ಬೆರಳಿನ ಜಿಡ್ಡು, ಲೆನ್ಸಿನ ಗ್ರೀಸು ಅದಕ್ಕೆ ಆಹಾರ. ಕತ್ತಲೆ, ಅಲುಗಾಡದ ಗಾಳಿ, 10ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಕೆಲವು ದಿನ ಶೇ. 70ಕ್ಕಿಂತ ಹೆಚ್ಚಿನ ತೇವಾಂಶ ಸಿಕ್ಕರೆ ಅದು ಬೆಳೆಯುತ್ತದೆ. ಬೆಳೆಯುವಾಗ ಹೊರಬಿಡುವ ಆಮ್ಲಗಳು ಲೆನ್ಸಿನ ಲೇಪವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತವೆ.

ತೇವಾಂಶ ಅಳೆಯಲು ನಮ್ಮ ಅಡುಗೆಮನೆಯಲ್ಲೇ ಒಂದು ಉಪಕರಣವಿದೆ: ಉಪ್ಪಿನ ಭರಣಿ. ಶುದ್ಧ ಉಪ್ಪು ಸುಮಾರು ಶೇ. 75 ತೇವಾಂಶದಲ್ಲಿ ನೀರೊಡೆಯುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನಂಥ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಉಪ್ಪು ನೀರಾಗತೊಡಗಿತೆಂದರೆ ಟ್ರಂಕಿನೊಳಗಿನ ಲೆನ್ಸಿಗೂ ಅಪಾಯ ಶುರುವಾಗಿದೆ ಎಂದೇ ತಿಳಿಯಿರಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಸ್ಥಿತಿ.

ನಂಬಿಕೆ 1: ಚರ್ಮದ ಕವರಿನಲ್ಲಿಟ್ಟರೆ ಕ್ಷೇಮ

ತಪ್ಪು. ಚರ್ಮ ತೇವ ಹೀರಿಕೊಂಡು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೆ ಬೂಷ್ಟು ಬರುವುದನ್ನು ನೀವೇ ನೋಡಿದ್ದೀರಿ. ಕವರನ್ನು ಬೇರೆಯೇ ಇಡಿ.

ನಂಬಿಕೆ 2: ಅಕ್ಕಿ ಡಬ್ಬದಲ್ಲಿಟ್ಟರೆ ಒಣಗುತ್ತದೆ

ಅಕ್ಕಿಯಲ್ಲೇ ಅದರ ತೂಕದ ಶೇ. 12ರಿಂದ 14ರಷ್ಟು ನೀರಿರುತ್ತದೆ. ಅದು ಹೀರುವುದು ಅಲ್ಪ, ಮೇಲೆ ಹಿಟ್ಟಿನ ಧೂಳನ್ನು ಬೇರೆ ಕೊಡುತ್ತದೆ. ಆ ಧೂಳು ಶಿಲೀಂಧ್ರಕ್ಕೆ ಊಟ. ಬೇಕಾದದ್ದು ಸಿಲಿಕಾ ಜೆಲ್. ಗಾಳಿಯಾಡದ ಡಬ್ಬದಲ್ಲಿ ಅದನ್ನೂ ಒಂದು ಚಿಕ್ಕ ತೇವಮಾಪಕವನ್ನೂ ಇಟ್ಟು ತೇವಾಂಶ ಶೇ. 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಿ. ನೀಲಿ ಹರಳು ಗುಲಾಬಿಯಾದರೆ ಅದು ತುಂಬಿದೆ ಎಂದರ್ಥ. ಬಣ್ಣದ ಹರಳುಗಳನ್ನು ಮಕ್ಕಳ ಕೈಗೆ ಕೊಡಬೇಡಿ, ಅಡುಗೆ ಪಾತ್ರೆಯಲ್ಲಿ ಒಣಗಿಸಬೇಡಿ. ನೀಲಿ ಹರಳಿನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ.

ನಂಬಿಕೆ 3: ಬಿಸಿಲಿಗಿಟ್ಟರೆ ಬೂಷ್ಟು ಹೋಗುತ್ತದೆ

ಅರ್ಧ ನಿಜ. ನೇರಳಾತೀತ ಕಿರಣ ಶಿಲೀಂಧ್ರವನ್ನು ಕೊಲ್ಲಬಲ್ಲದು. ಆದರೆ ಮುಂದಿನ ಗಾಜುಗಳೇ ಅದರ ಬಹುಪಾಲನ್ನು ತಡೆಯುತ್ತವೆ. ಸತ್ತ ಎಳೆಗಳೂ ಕೊರೆದ ಗುರುತೂ ಹಾಗೆಯೇ ಉಳಿಯುತ್ತವೆ. ಬಿಸಿಗೆ ಗ್ರೀಸು ಕರಗಿ ಬ್ಲೇಡುಗಳಿಗೆ ಹರಿಯಬಹುದು. ಲೆನ್ಸು ಬಿಸಿಲನ್ನು ಒಂದೇ ಬಿಂದುವಿಗೆ ತಂದು ಶಟರಿನ ಬಟ್ಟೆಯನ್ನು ಸುಡಲೂಬಹುದು.

ನಂಬಿಕೆ 4: ಬೂಷ್ಟು ಬಂದ ಲೆನ್ಸು ಕಸ

ಅಂಚಿನ ನಾಲ್ಕು ಎಳೆಗಳಿಂದ ಚಿತ್ರ ಕೆಡುವುದಿಲ್ಲ. ಹೆಚ್ಚಾದರೆ ಚಿತ್ರ ಮಂಜುಮಂಜಾಗುತ್ತದೆ, ಅದರಲ್ಲೂ ಬೆಳಕಿಗೆ ಎದುರಾಗಿ ತೆಗೆದಾಗ. ಬೇಗ ಗಮನಿಸಿದರೆ ನುರಿತ ಮೆಕ್ಯಾನಿಕ್ ಬಿಚ್ಚಿ ಸ್ವಚ್ಛ ಮಾಡಬಲ್ಲರು. ಲೇಪ ಕೊರೆದುಹೋಗಿದ್ದರೆ ಮಾತ್ರ ಅದು ಹಿಂದಿರುಗದು. ಹಳೆಯ ಲೆನ್ಸು ಕೊಳ್ಳುವ ಮೊದಲು ಅಪರ್ಚರ್ ಪೂರ್ತಿ ತೆರೆದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.

ಕ್ಯಾಮೆರಾಕ್ಕಿಂತ ಮುಖ್ಯವಾದದ್ದು

ಆ ಟ್ರಂಕಿನಲ್ಲೇ ಹಳೆಯ ನೆಗೆಟಿವ್‌ಗಳಿದ್ದರೆ ಮೊದಲು ಅವನ್ನು ಉಳಿಸಿ. ಅಂಥದೇ ಇನ್ನೊಂದು ಕ್ಯಾಮೆರಾ ಹುಡುಕಿದರೆ ಸಿಗುತ್ತದೆ, ಅಜ್ಜಿಯ ಮದುವೆಯ ನೆಗೆಟಿವ್ ಸಿಗುವುದಿಲ್ಲ. ಫಿಲ್ಮಿನ ಮೇಲಿನ ಜೆಲಟಿನ್ ಶಿಲೀಂಧ್ರಕ್ಕೆ ನೇರ ಆಹಾರ. ಬೂಷ್ಟು ಬಂದ ನೆಗೆಟಿವನ್ನು ನೀರಿನಲ್ಲಿ ತೊಳೆಯಲೇಬೇಡಿ. ಶಿಲೀಂಧ್ರ ಜೆಲಟಿನನ್ನು ನೀರಿನಲ್ಲಿ ಕರಗುವಂತೆ ಮಾಡಿರುತ್ತದೆ, ತೊಳೆದರೆ ಚಿತ್ರವೇ ಹರಿದುಹೋಗಬಹುದು. ಒಣ ಜಾಗದಲ್ಲಿಟ್ಟು ಆದಷ್ಟು ಬೇಗ ಸ್ಕ್ಯಾನ್ ಮಾಡಿಸಿ.

ಕ್ಯಾಮೆರಾಕ್ಕೆ ಇನ್ನೊಂದು ಸುಲಭದ ರಕ್ಷಣೆಯಿದೆ: ಬಳಸುವುದು. ತಿಂಗಳಿಗೊಮ್ಮೆಯಾದರೂ ಹೊರತೆಗೆದು ಶಟರ್ ಒತ್ತಿ, ಫೋಕಸ್ ತಿರುಗಿಸಿ, ಸಾಧ್ಯವಾದರೆ ಒಂದು ರೋಲು ಹಾಕಿ. ಕತ್ತಲೆ ಮತ್ತು ನಿಂತ ಗಾಳಿ ಬೂಷ್ಟಿಗೆ ಇಷ್ಟ. ದಿನಬೆಳಕು ಕಾಣುತ್ತಾ ಓಡಾಡುವ ಕ್ಯಾಮೆರಾದಲ್ಲಿ ಅದು ಅಷ್ಟು ಸುಲಭವಾಗಿ ಬೇರೂರದು.