ಕ್ಯುಸೆಕ್‌ನಿಂದ ಟಿಎಂಸಿವರೆಗೆ: ಹತ್ತರ ಘಾತಗಳ ಲೆಕ್ಕಾಚಾರ

ಮುಂಗಾರು ಆರಂಭವಾದೊಡನೆ ಪತ್ರಿಕೆಗಳ ಜಲಾಶಯ ಮಟ್ಟದ ಕೋಷ್ಟಕದತ್ತ ಎಲ್ಲರ ಕಣ್ಣು ಹೊರಳುತ್ತದೆ. ಕೃಷ್ಣರಾಜಸಾಗರದ ಹೆಸರಿನ ಮುಂದೆ ಅಡಿ, ಕ್ಯುಸೆಕ್ ಮತ್ತು ಟಿಎಂಸಿ ಎಂಬ ಮೂರು ಅಳತೆಗಳಿರುತ್ತವೆ. ಮೂರೂ ಒಂದೇ ನೀರಿಗೆ ಸಂಬಂಧಿಸಿದವಾದರೂ ಮೊದಲನೆಯದು ಎತ್ತರವನ್ನು, ಎರಡನೆಯದು ಹರಿವನ್ನು, ಮೂರನೆಯದು ಸಂಗ್ರಹದ ಗಾತ್ರವನ್ನು ತಿಳಿಸುತ್ತವೆ. ಇವುಗಳ ನಡುವಿನ ಅಂತರ ತಿಳಿಯದಿದ್ದರೆ ಅಲ್ಪವಾದದ್ದು ಅಪಾರವಾಗಿಯೂ ಅಪಾರವಾದದ್ದು ಅಲ್ಪವಾಗಿಯೂ ಕಾಣುತ್ತದೆ. ಕಾವೇರಿ ಕಣಿವೆಯಲ್ಲಿ ಇಂತಹ ತಪ್ಪು ತಿಳಿವಳಿಕೆಯ ಬೆಲೆ ಕಡಿಮೆಯದಲ್ಲ.

ಪರಿಮಾಣ ಶ್ರೇಣಿ ಎಂದರೇನು?

ಒಂದು ಸಂಖ್ಯೆಯನ್ನು ಹತ್ತರಿಂದ ಗುಣಿಸಿದಾಗಲೆಲ್ಲ ಅದು ಒಂದು ಮೆಟ್ಟಿಲು ಮೇಲೇರುತ್ತದೆ. ಈ ಮೆಟ್ಟಿಲುಗಳನ್ನೇ ವಿಜ್ಞಾನದಲ್ಲಿ ಪರಿಮಾಣ ಶ್ರೇಣಿ ಎನ್ನುತ್ತಾರೆ. ಸಾವಿರ ಎಂದರೆ ಹತ್ತರ ಮೂರನೆಯ ಘಾತ. ಲಕ್ಷ ಐದನೆಯದು, ಕೋಟಿ ಏಳನೆಯದು. ಲಕ್ಷಕ್ಕೂ ಕೋಟಿಗೂ ನಡುವೆ ಎರಡೇ ಮೆಟ್ಟಿಲಿದ್ದರೂ ವ್ಯತ್ಯಾಸ ನೂರು ಪಟ್ಟು.

ಕನ್ನಡ ನಾಡಿಗೆ ಈ ಕಲ್ಪನೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ 'ಏಕ'ದಿಂದ 'ಮಹಾಕ್ಷೋಭ'ದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾರೆ.

ಒಂದು ಟಿಎಂಸಿಗೆ 31 ವರ್ಷ

ಒಂದು ಸೆಕೆಂಡಿಗೆ ಒಂದು ಘನ ಅಡಿಯಂತೆ ನೀರು ಹರಿದರೆ ಅದು ಒಂದು ಕ್ಯುಸೆಕ್. ಒಂದು ಘನ ಅಡಿಯಲ್ಲಿ ಸುಮಾರು 28.3 ಲೀಟರ್ ನೀರು, ಅಂದರೆ ಮನೆಬಳಕೆಯ ಕೊಡಗಳಲ್ಲಿ ಹೆಚ್ಚುಕಡಿಮೆ ಎರಡು ಕೊಡ ಇರುತ್ತದೆ. ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ. ನಮ್ಮ ಎಣಿಕೆಯಲ್ಲಿ ಇದು 100 ಕೋಟಿ ಘನ ಅಡಿ, ಅಂದರೆ ಹತ್ತರ ಒಂಬತ್ತನೆಯ ಘಾತ. ಲೀಟರ್‌ಗಳಲ್ಲಿ ಹೇಳುವುದಾದರೆ ಸುಮಾರು 2,832 ಕೋಟಿ ಲೀಟರ್.

ಈ ಒಂಬತ್ತು ಮೆಟ್ಟಿಲುಗಳ ಎತ್ತರವನ್ನು ಅರಿಯಲು ಕಾಲದ ಅಳತೆ ನೆರವಾಗುತ್ತದೆ. ಒಂದು ಲಕ್ಷ ಸೆಕೆಂಡುಗಳು ಕಳೆಯಲು ಒಂದು ದಿನಕ್ಕಿಂತ ತುಸು ಹೆಚ್ಚು ಸಾಕು. ಒಂದು ಕೋಟಿ ಸೆಕೆಂಡುಗಳಿಗೆ ಸುಮಾರು 116 ದಿನ ಬೇಕು. 100 ಕೋಟಿ ಸೆಕೆಂಡುಗಳಿಗೆ 31 ವರ್ಷ 8 ತಿಂಗಳು! ಆದುದರಿಂದ ಒಂದೇ ಕ್ಯುಸೆಕ್‌ನಂತೆ ಹರಿಯುವ ನೀರು ಒಂದು ಟಿಎಂಸಿ ಆಗಲು ಅಷ್ಟೇ ಕಾಲ ಹಿಡಿಯುತ್ತದೆ. 49.452 ಟಿಎಂಸಿ ಸಾಮರ್ಥ್ಯದ ಕೆಆರ್‌ಎಸ್ ಭರ್ತಿಯಾಗಲು ಸುಮಾರು 1,570 ವರ್ಷಗಳೇ ಬೇಕಾದಾವು.

ಇನ್ನೊಂದು ತುದಿಯನ್ನು ನೋಡಿ. ಒಂದು ಲಕ್ಷ ಕ್ಯುಸೆಕ್ ಒಳಹರಿವಿದ್ದರೆ ದಿನಕ್ಕೆ 8.64 ಟಿಎಂಸಿ ಸೇರುತ್ತದೆ. ಬರಿದಾದ ಜಲಾಶಯವೂ ಆರು ದಿನದೊಳಗೆ ತುಂಬಬಲ್ಲದು. ಅಣೆಕಟ್ಟೆಯಿಂದ ಇಷ್ಟೇ ಪ್ರಮಾಣದ ನೀರು ಹೊರಬಿಟ್ಟಾಗ ಶ್ರೀರಂಗಪಟ್ಟಣದ ಬಳಿ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡುವುದೂ ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲುವುದೂ ಇದೇ ಕಾರಣಕ್ಕೆ.

ಅಡಿ ಹೇಳದ ಸಂಗತಿ

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಮಟ್ಟ 100 ಅಡಿಗಿಳಿದರೆ ಐದರಲ್ಲಿ ನಾಲ್ಕು ಪಾಲು ನೀರು ಉಳಿದಿದೆಯೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಉಳಿದಿರುವುದು ಅರ್ಧಕ್ಕಿಂತಲೂ ಕಡಿಮೆ. ಜಲಾಶಯವು ಬಾವಿಯಂತೆ ನೇರ ಗೋಡೆಯುಳ್ಳದ್ದಲ್ಲ. ಬಾಣಲೆಯಂತೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಆದ್ದರಿಂದ ಮೇಲ್ತುದಿಯ ಒಂದೊಂದು ಅಡಿಯೂ ಒಂದು ಟಿಎಂಸಿಗಿಂತ ಹೆಚ್ಚು ನೀರನ್ನು ಹಿಡಿದಿಡುತ್ತದೆ. ತಳದ ಅಡಿಗಳಲ್ಲಿರುವುದು ಅದರ ಒಂದು ಅಂಶ ಮಾತ್ರ.

ಆದೇಶಗಳಲ್ಲಿನ ಅಂಕಿಗಳು

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ 10 ದಿನಗಳ ಕಾಲ ನಿತ್ಯ 15,000 ಕ್ಯುಸೆಕ್ ನೀರು ಹರಿಸುವಂತೆ ಆದೇಶಿಸಿತು. ಅದರ ಒಟ್ಟು ಮೊತ್ತ 12.96 ಟಿಎಂಸಿ. ಇದು ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯದ ಕಾಲು ಭಾಗಕ್ಕೆ ಸಮ. ಸೆಪ್ಟೆಂಬರ್ 12ರಂದು ಆದೇಶವನ್ನು ಮಾರ್ಪಡಿಸಲಾಯಿತು. ಅದೇ ದಿನ ಬೆಂಗಳೂರು ಹಿಂಸಾಚಾರಕ್ಕೆ ಸಾಕ್ಷಿಯಾಯಿತು.

2023ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು 15 ದಿನಗಳ ಅವಧಿಗೆ ನಿತ್ಯ 5,000 ಕ್ಯುಸೆಕ್ ನೀರು ಬಿಡುವಂತೆ ಸೂಚಿಸಿತ್ತು. 15 ದಿನಗಳ ಒಂದು ಅವಧಿಗೆ ಇದು 6.48 ಟಿಎಂಸಿ. '5,000' ಎಂದಾಗ ಆತಂಕವಾಗುತ್ತದೆ, '6.48' ಎಂದಾಗ ಅಲ್ಪವೆನಿಸುತ್ತದೆ. ಎರಡೂ ಒಂದೇ ನೀರು! ಒಂದು ಟಿಎಂಸಿ ನೀರನ್ನು ಸುಮಾರು 23,000 ಎಕರೆಯ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲಿಸಬಹುದು. ಭತ್ತದ ಒಂದು ಬೆಳೆಗೆ ನಾಲ್ಕು ಅಡಿ ನೀರು ಬೇಕೆಂದು ಹಿಡಿದು, ನಾಲೆಯ ಸೋರಿಕೆಯನ್ನು ಬದಿಗಿಟ್ಟರೆ, ಅದು ಸುಮಾರು 5,700 ಎಕರೆಯ ಬೆಳೆ. ಪಾಂಡವಪುರ, ಮಂಡ್ಯ, ಮದ್ದೂರುಗಳ ನಾಲಾ ಬಯಲಿನ ರೈತ ದಶಮಾಂಶ ಬಿಂದುವಿನ ಆಚೆಗಿನ ಅಂಕಿಗೂ ಮರುಗುವುದು ಇದಕ್ಕಾಗಿಯೇ.

ನಗರದ ನಲ್ಲಿ, ಬೆಳ್ಳೂರಿನ ಹೊಲ

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಲೋಕಾರ್ಪಣೆಗೊಂಡ ಬಳಿಕ ಬೆಂಗಳೂರಿಗೆ ಕಾವೇರಿ ನೀರು ಪೂರೈಸುವ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್‌ಗೆ ಏರಿತು. ಈ ಪ್ರಮಾಣದಲ್ಲಿ ಒಂದು ಟಿಎಂಸಿ ನೀರು ರಾಜಧಾನಿಗೆ ಹನ್ನೆರಡೂವರೆ ದಿನಕ್ಕೆ ಸಾಲುತ್ತದೆ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕಾವೇರಿಯ ದಡದಲ್ಲಿಲ್ಲ. ಇಲ್ಲಿನ ಹೊಲಗಳ ಲೆಕ್ಕ ಬೇರೆಯೇ ಮೆಟ್ಟಿಲಿನದು. ಒಂದು ಎಕರೆ ಹೊಲದ ಮೇಲೆ ಒಂದು ಅಂಗುಲ ಮಳೆಯಾದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿದ್ದಂತೆ. ಕೆರೆಗಳನ್ನು ಅಳೆಯುವುದು ದಶಲಕ್ಷ ಘನ ಅಡಿಯಲ್ಲಿ. ಟಿಎಂಸಿಗೆ ಹೋಲಿಸಿದರೆ ಇದು ಮೂರು ಮೆಟ್ಟಿಲು ಕೆಳಗೆ, ಸಾವಿರದಲ್ಲೊಂದು ಪಾಲು. ಆದರೆ ಆ ಊರಿನ ರಾಗಿಗೆ, ದನಕರುಗಳಿಗೆ ಆ ಮೆಟ್ಟಿಲೇ ಮುಖ್ಯ. ಯಾವ ಅಳತೆ ಯಾರಿಗೆ ಎಂಬ ವಿವೇಕವೂ ಪರಿಮಾಣ ಶ್ರೇಣಿಯ ಪಾಠದಲ್ಲಿ ಸೇರಿದೆ.

ಅಂದಾಜಿನ ಬಲ

ಮೆಟ್ಟಿಲು ಸರಿಯಿದ್ದರೆ ಅಂಕಿ ತುಸು ಆಚೀಚೆಯಾದರೂ ಬಾಧಕವಿಲ್ಲ. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆ ನಡೆದಾಗ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟು, ಆಘಾತದ ಅಲೆಗೆ ಅವು ಎಷ್ಟು ದೂರ ಸರಿದವೆಂದು ನೋಡಿ, ಸ್ಫೋಟದ ಶಕ್ತಿ ಸುಮಾರು 10,000 ಟನ್ ಟಿಎನ್‌ಟಿಗೆ ಸಮವೆಂದು ಅಂದಾಜಿಸಿದರು. ನೈಜ ಶಕ್ತಿ 20,000 ಟನ್‌ಗೂ ಮಿಕ್ಕಿತ್ತು. ಆದರೂ ಮೆಟ್ಟಿಲು ತಪ್ಪಿರಲಿಲ್ಲ.

ಪತ್ರಿಕೆ ಓದುವವರಿಗೆ ಒಂದು ಸೂತ್ರ ಸಾಕು. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಸ್ಥೂಲವಾಗಿ 10,000 ಕ್ಯುಸೆಕ್‌ಗೆ 0.86 ಟಿಎಂಸಿ. 2018ರ ಫೆಬ್ರುವರಿ 16ರ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ 177.25 ಟಿಎಂಸಿಯನ್ನು ವರ್ಷದುದ್ದಕ್ಕೂ ಸಮನಾಗಿ ಹಂಚಿದರೆ ಸುಮಾರು 5,600 ಕ್ಯುಸೆಕ್ ಆಗುತ್ತದೆ. ಮುಂದಿನ ಸಂಕಷ್ಟದ ವರ್ಷದಲ್ಲಿ ಆದೇಶವೊಂದು ಬಂದಾಗ, ಮೊದಲು ಕ್ಯುಸೆಕ್ ಅನ್ನು ದಿನಗಳಿಂದ ಗುಣಿಸಿ ನೋಡುವುದು ಒಳಿತು. ಆತಂಕಪಡಬೇಕೆ ಎಂಬುದನ್ನು ಆ ಬಳಿಕ ನಿರ್ಧರಿಸಬಹುದು.