ಕಣ್ಣು ಕಾಣದ ಅಜ್ಜನ ಅಂಗಳದಲ್ಲಿ 33 ದಿನ

ಕೆಲವು ವರ್ಷಗಳ ಹಿಂದೆ ಜಾತ್ರೆ ವರದಿಗೆಂದು ಒಂದು ಹಳ್ಳಿಗೆ ಹೋಗಿದ್ದೆವು. ಪೂಜಾರಿ ತಾತನನ್ನು ಮಾತಾಡಿಸಿ, "ತಾತ, ಈ ಗುಡಿಗೆ ಎಷ್ಟು ವರ್ಷ ಆಗಿರಬಹುದು?" ಎಂದು ಕೇಳಿದೆವು. ತಾತ ತಡ ಮಾಡಲಿಲ್ಲ. "ಹೋದ ವರ್ಷ ನಿಮ್ ಪೇಪರ್‌ನಲ್ಲೇ ಎಂಟ್ನೂರು ಅಂತ ಬಂದಿತ್ತಲ್ಲ ಸ್ವಾಮಿ, ಅದನ್ನೇ ಹಾಕ್ಕೊಳ್ಳಿ" ಅಂದರು. ಆ 800 ಎಂದು ಬರೆದವರು ನಾವೇ. ಫೋನಿನಲ್ಲಿ ಯಾರೋ ಅಂದಾಜಿಗೆ ಹೇಳಿದ್ದನ್ನು ಹಾಗೇ ಟೈಪ್ ಮಾಡಿ ಕಳಿಸಿದ್ದೆವು. ಒಂದೇ ವರ್ಷದಲ್ಲಿ ಅದು ಊರಿನ ಇತಿಹಾಸವಾಗಿ ನಮ್ಮ ಮುಂದೆ ಬಂದು ನಿಂತಿತ್ತು.

ಆಮೇಲೆ ಆಫ್ರಿಕಾದ ಒಂದು ಕಥೆ ಓದಿದೆವು. ಅಲ್ಲಿಯೂ ಒಬ್ಬರು ಕೇಳುವವರು, ಒಬ್ಬರು ಹೇಳುವ ಅಜ್ಜ. ಆದರೆ ಅಲ್ಲಿ ಮಾತು ಗುಡಿಯ ವಯಸ್ಸಿನದಲ್ಲ, ಇಡೀ ಜಗತ್ತು ಹುಟ್ಟಿದ ಬಗೆಯದು. ಅವರಿಬ್ಬರ ಮಾತುಕತೆಯ ಬಗ್ಗೆ ಇವತ್ತಿಗೂ ವಿದ್ವಾಂಸರು ಜಗಳವಾಡುತ್ತಿದ್ದಾರೆ. ಆ ಕಥೆಯನ್ನು ನಿಮಗೂ ಹೇಳಬೇಕು ಅನ್ನಿಸಿತು.

ಬಂಡೆಯ ಮೇಲಿನ ಊರುಗಳು

ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಬಂಡಿಯಾಗರ ಎಂಬ ಕಡಿದಾದ ಬಂಡೆಸಾಲು ಇದೆ. ಅದರ ಮೇಲೆ, ಕೆಳಗೆ, ನಡುವಿನ ಇಳಿಜಾರಿನಲ್ಲಿ ಡೋಗನ್ ಜನರ ಹಳ್ಳಿಗಳಿವೆ. ಮಣ್ಣಿನ ಮನೆ, ಮಣ್ಣಿನ ಕಣಜ, ಹೊಲದಲ್ಲಿ ಸಜ್ಜೆ, ಜೋಳ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1989ರಲ್ಲಿ ಯುನೆಸ್ಕೊ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

1960ರವರೆಗೆ ಈ ನಾಡು ಫ್ರೆಂಚರ ಆಳ್ವಿಕೆಯಲ್ಲಿತ್ತು. ಸುತ್ತಲಿನ ಅನೇಕರು ಇಸ್ಲಾಂಗೆ ಸೇರಿದ್ದರೂ ಬಹಳಷ್ಟು ಡೋಗನ್ನರು ತಮ್ಮ ಹಿರಿಯರ ಪೂಜೆ, ಮುಖವಾಡದ ಕುಣಿತ, ಬಲಿಯ ಕಟ್ಟೆಗಳನ್ನು ಉಳಿಸಿಕೊಂಡಿದ್ದರು. ಇಂಥವರನ್ನು ಯುರೋಪಿನವರು 'ಪೇಗನ್' ಎಂದು ಕರೆಯುತ್ತಿದ್ದರು. ಸುಳ್ಳು ದೇವರನ್ನು ನಂಬುವವರು, ತಿಳಿವಳಿಕೆ ಇಲ್ಲದವರು ಎಂಬ ದನಿಯ ಮಾತದು. ಆ ಪದದ ಮೂಲ ಲ್ಯಾಟಿನ್ನಿನ 'ಪಾಗಾನುಸ್'. ಅದರ ಅರ್ಥ ಹಳ್ಳಿಯವನು, ಅಷ್ಟೇ. ಆ ಲೆಕ್ಕದಲ್ಲಿ ಇದನ್ನು ಓದುತ್ತಿರುವ ನೀವೂ ಬರೆಯುತ್ತಿರುವ ನಾವೂ ಪೇಗನ್ನರೇ.

ಸಾಹೇಬರು ಎಂಥವರು?

ಕೇಳಲು ಬಂದವರ ಹೆಸರು ಮಾರ್ಸೆಲ್ ಗ್ರಿಯೋಲ್. 1898ರಲ್ಲಿ ಹುಟ್ಟಿದ ಫ್ರೆಂಚ್ ವಿದ್ವಾಂಸರು. ಮೊದಲನೇ ಮಹಾಯುದ್ಧದಲ್ಲಿ ಸೇನೆ ಸೇರಿದವರು. ಮುಂದೆ ವಿಮಾನದಿಂದ ಡೋಗನ್ ಹಳ್ಳಿಗಳ ಫೋಟೊ ತೆಗೆದು ಅಧ್ಯಯನಕ್ಕೆ ಬಳಸಿದವರು. 1931ರಿಂದ 1933ರವರೆಗೆ ಡಕಾರ್‌ನಿಂದ ಜಿಬೂಟಿವರೆಗೆ ಆಫ್ರಿಕಾದ ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ ಹೋದ ದೊಡ್ಡ ತಂಡಕ್ಕೆ ಅವರೇ ಮುಖ್ಯಸ್ಥರು. ಆ ತಂಡ 3,500ಕ್ಕೂ ಹೆಚ್ಚು ವಸ್ತುಗಳನ್ನು ಪ್ಯಾರಿಸ್ಸಿಗೆ ಹೊತ್ತೊಯ್ದಿತು.

ಎಲ್ಲವನ್ನೂ ಕೇಳಿ, ಕೊಂಡು ತಂದದ್ದಲ್ಲ. ತಂಡದ ಕಾರ್ಯದರ್ಶಿಯಾಗಿ ಹೋಗಿದ್ದ ಮಿಷೆಲ್ ಲೆರಿಸ್ ಎಂಬ ಲೇಖಕ ದಿನಚರಿ ಬರೆದಿಟ್ಟಿದ್ದರು. ಒಂದು ಹಳ್ಳಿಯಲ್ಲಿ ಪೊಲೀಸರ ಹೆಸರು ಹೇಳಿ ಹೆದರಿಸಿ ಪವಿತ್ರ ವಸ್ತುವನ್ನು ಗುಡಿಯಿಂದ ಎತ್ತಿಕೊಂಡು ಬಂದದ್ದನ್ನು ಅದರಲ್ಲಿ ಮುಚ್ಚಿಡದೆ ಬರೆದರು. 1934ರಲ್ಲಿ ಅದು ಪುಸ್ತಕವಾಗಿ ಬಂದಾಗ ಗ್ರಿಯೋಲ್ ಸಿಟ್ಟಾದರು, ಇಬ್ಬರ ಸ್ನೇಹ ಮುರಿಯಿತು.

ಗ್ರಿಯೋಲ್ ಅವರ ಕೇಳುವ ರೀತಿಯೂ ಹಾಗೇ ಇತ್ತು. ಜನ ಗುಟ್ಟು ಮುಚ್ಚಿಡುತ್ತಾರೆ, ತನಿಖೆ ಮಾಡುವ ನ್ಯಾಯಾಧೀಶರ ಹಾಗೆ ಅದನ್ನು ಹೊರತೆಗೆಯಬೇಕು ಎನ್ನುವುದು ಅವರ ಪಾಠ. ಡೋಗನ್ನರ ಸಂಗಾ ಊರಿಗೆ ಅವರು ಮೊದಲು ಬಂದದ್ದು 1931ರಲ್ಲಿ. ಮುಂದೆ 15 ವರ್ಷ ಬರುತ್ತಲೇ ಇದ್ದರು. ಮುಖವಾಡಗಳ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದರು. ಆದರೂ ಒಳಗಿನ ಮಾತು ಇನ್ನೂ ಸಿಕ್ಕಿಲ್ಲ ಎಂಬ ಗುಮಾನಿ ಅವರಿಗಿತ್ತು.

ಅಜ್ಜನ ಅಂಗಳ

1946ರ ಅಕ್ಟೋಬರ್‌ನಲ್ಲಿ ಒಂದು ಕರೆ ಬಂತು. ಸಂಗಾದ ಕೆಳ ಒಗೋಲ್ ಎಂಬ ಕೇರಿಯಲ್ಲಿ ಒಗೊತೆಮ್ಮೆಲಿ ಎಂಬ ಮುದುಕರಿದ್ದರು. ಹಿಂದೆ ಬೇಟೆಗಾರರು. ಬಂದೂಕು ಸಿಡಿದು ಎರಡೂ ಕಣ್ಣು ಹೋಗಿದ್ದವು. ಓದು ಬರಹ ಇಲ್ಲ, ಆದರೆ ಡೋಗನ್ ಧರ್ಮದ ಒಳಗುಟ್ಟು ಬಲ್ಲವರೆಂದು ಹೆಸರಿತ್ತು. ಅವರು ಸಾಹೇಬರನ್ನು ಮಾತಿಗೆ ಕರೆದಿದ್ದರು.

ಗ್ರಿಯೋಲ್ ಹೋದರು. ಜೊತೆಗೆ ಮಾತು ತಿರುಗಿಸಿ ಹೇಳಲು ಕೊಗೆಮ್ ಎಂಬ ಡೋಗನ್ ದುಭಾಷಿ. ಅಜ್ಜ ಮನೆಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು. ಯಾರಾದರೂ ಹಾದುಹೋಗುವ ಸದ್ದಾದರೆ ದನಿ ತಗ್ಗಿಸುತ್ತಿದ್ದರು. ಹೀಗೆ 33 ದಿನ ನಡೆಯಿತು.

ಅಜ್ಜ ಹೇಳಿದ ದೇವರ ಹೆಸರು ಅಮ್ಮಾ. ನಮ್ಮ ಅಮ್ಮನಿಗೂ ಇದಕ್ಕೂ ಸಂಬಂಧವಿಲ್ಲ, ಡೋಗನ್ನರ ಅಮ್ಮಾ ಗಂಡು. ಆತ ಮಣ್ಣಿನ ಉಂಡೆ ಎಸೆದು ನಕ್ಷತ್ರ ಮಾಡಿದ. ಸೂರ್ಯ ಎಂದರೆ ಚೆನ್ನಾಗಿ ಕಾಯಿಸಿದ ಮಡಕೆ, ಅದಕ್ಕೆ ಎಂಟು ಸುತ್ತು ತಾಮ್ರದ ಸುರುಳಿ. ನೀರಿನಲ್ಲಿರುವ ದೇವತೆಗಳ ಹೆಸರು ನೊಮ್ಮೊ. ಒಬ್ಬ ನೊಮ್ಮೊ ತನ್ನ ಬಾಯಿಂದ 80 ಹತ್ತಿಯ ಎಳೆಗಳನ್ನು ಹೊರಗೆ ಬಿಟ್ಟ. ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ನಡುವೆ ಎಳೆ ಹಾಯಿಸಿ ನೇಯುತ್ತಾ ಮಾತಾಡಿದ. ಎಳೆ ಎಳೆಯ ಸಂದಿನಲ್ಲಿ ಮಾತು ಸೇರಿಕೊಂಡಿತು. ಅದಕ್ಕೇ ಬಟ್ಟೆ ಎಂದರೆ ಮಾತು, ನೇಯುವುದೆಂದರೆ ನುಡಿಯುವುದು. ಕಣಜವೂ ಬರೀ ಕಾಳು ತುಂಬುವ ಮನೆಯಲ್ಲ. ಆಕಾಶದಿಂದ ಇಳಿದ ಮೊದಲ ಕಣಜದ ನಾಲ್ಕು ಕಡೆ ಹತ್ತು ಹತ್ತು ಮೆಟ್ಟಿಲು, ಅವುಗಳ ಮೇಲೆ ಮನುಷ್ಯ, ಮೀನು, ಹಕ್ಕಿ, ದನ, ಕಾಡುಪ್ರಾಣಿ, ಗಿಡ, ಹುಳ ಎಲ್ಲವೂ ಸಾಲಾಗಿ ನಿಂತಿದ್ದವು.

ಇಲ್ಲಿ ಸಾಹೇಬರು ಲೆಕ್ಕಕ್ಕೆ ಕೂತರು. ಮೆಟ್ಟಿಲು ಅಗಲ ಒಂದು ಮೊಳ, ಎತ್ತರ ಒಂದು ಮೊಳ. ಅದರ ಮೇಲೆ ದನ ನಿಲ್ಲುವುದಾದರೂ ಹೇಗೆ ಎಂದು ಕೇಳಿದರು. ಅಜ್ಜ ಬೇಜಾರಾಗಲಿಲ್ಲ. ಇದನ್ನೆಲ್ಲ ಮಾತಿನಲ್ಲಿ ಹೇಳಲೇಬೇಕು, ಆದರೆ ಮೆಟ್ಟಿಲ ಮೇಲೆ ಇರುವುದು ದನವಲ್ಲ, ದನದ ಸಂಕೇತ, ಸಂಕೇತಗಳಾದರೆ ಒಂದು ಮೊಳದ ಮೇಲೆ ಎಷ್ಟು ಬೇಕಾದರೂ ಹಿಡಿಸುತ್ತವೆ ಎಂಬರ್ಥದ ಉತ್ತರ ಕೊಟ್ಟರು. ಯಾರು ಯಾರಿಗೆ ಪಾಠ ಮಾಡುತ್ತಿದ್ದರು ಎಂಬುದು ಆ ಕ್ಷಣದಲ್ಲಿ ತಿಳಿಯುತ್ತದೆ.

1948ರಲ್ಲಿ ಈ ಮಾತುಕತೆ 'ನೀರಿನ ದೇವರು' ಎಂಬ ಅರ್ಥದ ಹೆಸರಿನಲ್ಲಿ ಫ್ರೆಂಚ್ ಪುಸ್ತಕವಾಯಿತು. ಆಫ್ರಿಕಾದ ಹಳ್ಳಿಗರಿಗೂ ಹಳೆಯ ಗ್ರೀಕರಿಗೆ ಸಮನಾದ ತತ್ವಚಿಂತನೆ ಇದೆ ಎಂದು ಗ್ರಿಯೋಲ್ ಸಾರಿದರು. ಕರಿಯರಿಗೆ ಯೋಚನೆಯೇ ಗೊತ್ತಿಲ್ಲ ಎಂದು ಆಳುವವರು ನಂಬಿದ್ದ ಕಾಲವದು. ಓದು ಬಾರದ ಒಬ್ಬ ಬೇಟೆಗಾರರ ಹೆಸರು ಪುಸ್ತಕದ ಮುಖಪುಟಕ್ಕೇ ಬಂತು. ಇದು ಸಣ್ಣ ಸಂಗತಿಯಲ್ಲ.

ನಕ್ಷತ್ರದ ಗಲಾಟೆ

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1950ರಲ್ಲಿ ಗ್ರಿಯೋಲ್ ಮತ್ತು ಅವರ ಸಹೋದ್ಯೋಗಿ ಜೆರ್ಮೇನ್ ದಿಯೆತೆರ್ಲೆನ್ ಇನ್ನೊಂದು ಲೇಖನ ಬರೆದರು. ಆಕಾಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರ ಲುಬ್ಧಕ. ಅದಕ್ಕೊಂದು ಜೊತೆ ನಕ್ಷತ್ರವಿದೆ, ಬರಿಗಣ್ಣಿಗೆ ಕಾಣುವುದಿಲ್ಲ. ವಿಜ್ಞಾನಿಗಳು ಅದನ್ನು ದೂರದರ್ಶಕದಲ್ಲಿ ಮೊದಲು ಕಂಡದ್ದು 1862ರಲ್ಲಿ. ಅದು ಸುಮಾರು 50 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಈ ಜೊತೆ ನಕ್ಷತ್ರ ಡೋಗನ್ನರಿಗೆ ಗೊತ್ತಿತ್ತು, ಅದಕ್ಕೆ ತಮ್ಮ ಅತಿ ಸಣ್ಣ ಕಾಳಿನ ಹೆಸರಿಟ್ಟಿದ್ದರು ಎಂದು ಆ ಲೇಖನ ಹೇಳಿತು.

1976ರಲ್ಲಿ ರಾಬರ್ಟ್ ಟೆಂಪಲ್ ಎಂಬ ಲೇಖಕರು ಇದನ್ನೇ ಹಿಡಿದು, ಬೇರೆ ಲೋಕದ ಜೀವಿಗಳು ಭೂಮಿಗೆ ಬಂದು ಹೇಳಿಕೊಟ್ಟ ವಿದ್ಯೆ ಇದು ಎಂದು ಪುಸ್ತಕ ಬರೆದರು. ನಿಮ್ಮ ಫೋನಿಗೆ ಎಂದಾದರೂ 'ಆಫ್ರಿಕಾದ ಕಾಡುಜನರಿಗೆ ಏಲಿಯನ್ ಹೇಳಿದ ರಹಸ್ಯ' ಅಂತೇನಾದರೂ ಬಂದಿದ್ದರೆ, ಅದರ ಬೇರು ಇಲ್ಲಿದೆ.

1979ರಿಂದ ಡಚ್ ವಿದ್ವಾಂಸ ವಾಲ್ಟರ್ ವಾನ್ ಬೀಕ್ ಡೋಗನ್ ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಆ ಗುಪ್ತ ನಕ್ಷತ್ರ ಅಲ್ಲಿಯ ಜನರಿಗೆ ಗೊತ್ತೇ ಇರಲಿಲ್ಲ. ಒಗೊತೆಮ್ಮೆಲಿ ಹೇಳಿದ ಸೃಷ್ಟಿಕಥೆಯೂ ಆ ರೂಪದಲ್ಲಿ ಅವರಿಗೆ ಸಿಗಲಿಲ್ಲ. 1991ರಲ್ಲಿ ಅವರು ಇದನ್ನು ಬರೆದರು. ಬಿಡದೆ ಕೇಳುವ ದೊಡ್ಡ ಸಾಹೇಬರು, ಬಂದವರ ಮಾತಿಗೆ ಎದುರಾಡದ ಊರಿನ ಮರ್ಯಾದೆ, ಕಥೆ ಕಟ್ಟಬಲ್ಲ ಜಾಣ ಹಿರಿಯರು, ಈ ಮೂರೂ ಸೇರಿ ಆ ಪುಸ್ತಕಗಳು ಹುಟ್ಟಿದವು ಎಂಬುದು ಅವರ ವಾದ. ಗ್ರಿಯೋಲ್ ಅವರ ಮಗಳು, ತಾವೇ ಡೋಗನ್ ಭಾಷೆಯ ವಿದ್ವಾಂಸರಾದ ಜೆನೆವಿಯೆವ್ ಕಲಾಮ್ ಗ್ರಿಯೋಲ್, ಇದನ್ನು ಒಪ್ಪದೆ ಉತ್ತರ ಬರೆದರು. ಒಳಗಿನ ವಿದ್ಯೆ ಎಲ್ಲರಿಗೂ ಗೊತ್ತಿರುವುದಿಲ್ಲ ಎನ್ನುವವರು ಇಂದಿಗೂ ಇದ್ದಾರೆ.

ನಮಗೆ ಅನ್ನಿಸುವುದು ಇಷ್ಟು. ಅಜ್ಜ ಸುಳ್ಳು ಹೇಳಿದರು ಎಂದು ಯಾರೂ ಅನ್ನಬೇಕಾಗಿಲ್ಲ. ಸಾಹೇಬರು ಮೋಸ ಮಾಡಿದರು ಎಂದೂ ಅನ್ನಬೇಕಾಗಿಲ್ಲ. 15 ವರ್ಷ ಒಂದೇ ಬಗೆಯ ಪ್ರಶ್ನೆ ಕೇಳಿದರೆ ಊರು ಅದಕ್ಕೆ ತಕ್ಕ ಉತ್ತರ ಹೊಂದಿಸಿಕೊಡುತ್ತದೆ. ಅಜ್ಜ ತಮಗೆ ಗೊತ್ತಿದ್ದ ಚೂರುಗಳನ್ನು ಜೋಡಿಸಿ ದೊಡ್ಡದೊಂದು ನೇಯ್ಗೆ ನೇಯ್ದರು. ಅದು ಅವರ ಪ್ರತಿಭೆ. ಅದನ್ನು 'ಎಲ್ಲ ಡೋಗನ್ನರ ನಂಬಿಕೆ' ಎಂದು ಅಚ್ಚು ಹಾಕಿದ್ದು ಬರೆದವರ ತಪ್ಪು. ಒಬ್ಬ ಅಜ್ಜ ಒಂದು ತಿಂಗಳು ಯೋಚಿಸಿ ಹೇಳಿದ್ದು ಎಂದು ಬರೆದಿದ್ದರೆ ಅದರ ಬೆಲೆಯೇನೂ ಕಡಿಮೆಯಾಗುತ್ತಿರಲಿಲ್ಲ.

ಈರುಳ್ಳಿ, ಪೆನ್ಸಿಲ್ ಮತ್ತು 800 ವರ್ಷ

ಗ್ರಿಯೋಲ್ ಸಂಗಾಕ್ಕೆ ಕೊಟ್ಟ ಇನ್ನೊಂದು ವಸ್ತುವಿನ ಬಗ್ಗೆ ಜಗಳವಿಲ್ಲ. ಅದು ಒಂದು ಅಣೆಕಟ್ಟು. ಅವರು ಹಿಂದೆ ಬಿದ್ದು ಕಟ್ಟಿಸಿದ ಆ ಸಣ್ಣ ಒಡ್ಡಿನ ನೀರಿನಲ್ಲಿ ಊರವರು ಈರುಳ್ಳಿ ಬೆಳೆದರು. ಡೋಗನ್ ಈರುಳ್ಳಿಗೆ ಮಾಲಿಯ ಪೇಟೆಗಳಲ್ಲಿ ಒಳ್ಳೆಯ ಹೆಸರಿದೆ. 1956ರಲ್ಲಿ ಗ್ರಿಯೋಲ್ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಸಂಗಾದ ಜನ ಅವರ ಗೊಂಬೆ ಮಾಡಿ ತಮ್ಮವರಿಗೆ ಮಾಡುವಂತೆಯೇ ಉತ್ತರಕ್ರಿಯೆ ಮಾಡಿದರು. ರೈತ ಸತ್ತರೆ ಕೊನೆಯಲ್ಲಿ ಅವನ ಗುದ್ದಲಿ ಮುರಿಯುವುದು ಅಲ್ಲಿಯ ಪದ್ಧತಿ. ಗ್ರಿಯೋಲ್ ಅವರಿಗೆ ಪೆನ್ಸಿಲ್ ಮುರಿದರು ಎಂದು ಅವರ ಜೊತೆಯವರು ಹೇಳಿದ್ದಾರೆ. ಅವರ ಕೈಯಲ್ಲಿ ಊರವರು ಸದಾ ಕಂಡದ್ದು ಅದನ್ನೇ.

ಇದನ್ನೆಲ್ಲ ಓದಿದ ಮೇಲೆ ನಾವು ಆ ಪೂಜಾರಿ ತಾತನ ಹತ್ತಿರ ಮತ್ತೆ ಹೋದೆವು. 800 ವರ್ಷ ಎಂಬುದು ನಮ್ಮ ಅಂದಾಜು, ನಿಮ್ಮದಲ್ಲ ಎಂದು ಒಪ್ಪಿಕೊಂಡೆವು. ತಾತ ನಕ್ಕರು. ಈ ಸಲ ವರ್ಷ ಕೇಳಲಿಲ್ಲ. "ಪೂಜೆ ನಿಮಗೆ ಯಾರು ಹೇಳಿಕೊಟ್ಟರು ತಾತ?" ಎಂದಷ್ಟೇ ಕೇಳಿ ಸುಮ್ಮನೆ ಕೂತೆವು. ತಮ್ಮ ತಾತನ ಕಾಲದ ಬರ, ಆಗ ನಿಂತುಹೋದ ಜಾತ್ರೆ, ಅದನ್ನು ಮತ್ತೆ ಶುರು ಮಾಡಿದವರು, ಅವತ್ತು ಯಾರ ಮನೆಯಿಂದ ಅಕ್ಕಿ ಬಂತು ಎಂಬುದನ್ನೆಲ್ಲ ಹೇಳಿದರು. ಮೂರು ತಲೆಮಾರಿನ ಆಚೆ ಅವರು ಹೋಗಲಿಲ್ಲ. ನಾವೂ ಹೋಗಲಿಲ್ಲ.

ನಿಮ್ಮೂರಿಗೂ ನಮ್ಮಂಥವರು ಮೈಕ್ ಹಿಡಿದು ಬರುತ್ತಾರೆ. ಬಂದರೆ ಕುರ್ಚಿ ಕೊಡಿ, ಟೀ ಕೊಡಿ. ಗೊತ್ತಿಲ್ಲದ್ದನ್ನು ಕೇಳಿದರೆ ಮಾತ್ರ 'ಗೊತ್ತಿಲ್ಲ' ಎಂದು ಹೇಳಿಬಿಡಿ. ಅದನ್ನೂ ಬರೆದುಕೊಳ್ಳುವುದು ನಮ್ಮ ಕೆಲಸ.